ಧಾರವಾಡಕ್ಕೆ ಬರೋರು ತಾರೀಕು ನೋಡಿ ಬನ್ನಿ

ಬೆಂಗಳೂರು, ಮೈಸೂರು ಕಡೆಯ ನೆಂಟರಿಂದ ಆಗಾಗ ಒಂದು ಮೆಸೇಜು ಬರುತ್ತದೆ. ಧಾರವಾಡಕ್ಕೆ ಬರ್ತಾ ಇದ್ದೀವಿ, ಸಂಗೀತದ ಊರು ಅಂತಾರಲ್ಲ, ನೋಡೋ ಜಾಗಗಳ ಒಂದು ಲಿಸ್ಟ್ ಕಳಿಸು. 2023ರಲ್ಲಿ ವಂದೇ ಭಾರತ್ ರೈಲು ಶುರುವಾದ ಮೇಲಂತೂ ಇದು ಜಾಸ್ತಿ ಆಗಿದೆ. ಬೆಳಗಾಗೋ ಮುಂಚೆ ಬೆಂಗಳೂರಲ್ಲಿ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಧಾರವಾಡ.

ಲಿಸ್ಟ್ ಬರೆಯೋದೇನೂ ಕಷ್ಟವಲ್ಲ. ಗಾಯಕ ಮಲ್ಲಿಕಾರ್ಜುನ ಮನಸೂರರ ಮನೆ. ಬೇಂದ್ರೆಯವರ ಸಾಧನಕೇರಿ. 1917ರ ಕರ್ನಾಟಕ ಕಾಲೇಜು, 1890ರ ವಿದ್ಯಾವರ್ಧಕ ಸಂಘ. ಶಾಲ್ಮಲಾ ನದಿ ಹುಟ್ಟುವ ಸೋಮೇಶ್ವರ ಗುಡಿ. ನುಗ್ಗಿಕೇರಿ ಹನುಮಪ್ಪ. ಹುಬ್ಬಳ್ಳಿಗೆ ಹೋದರೆ ಗಾಯಕಿ ಗಂಗೂಬಾಯಿ ಹಾನಗಲ್ಲರ ಮನೆ, ಸಿದ್ಧಾರೂಢ ಮಠ, ಉಣಕಲ್ ಕೆರೆ. ವಾಪಸ್ ಬರುವಾಗ ಪೇಡಾ. ಇಷ್ಟನ್ನೂ ಕಳಿಸಿದರೆ ಜನ ಬಂದು, ಆಟೋ ಮಾಡಿಕೊಂಡು, ಅರ್ಧ ದಿನದಲ್ಲಿ ಮುಕ್ಕಾಲು ಪಾಲು ಮುಗಿಸಿ, ಸಂಜೆ ಫೋನ್ ಮಾಡುತ್ತಾರೆ. ಎಲ್ಲ ನೋಡಿದ್ವಿ, ಆದ್ರೆ ಸಂಗೀತ ಎಲ್ಲೂ ಕಾಣಲಿಲ್ವಲ್ಲ?

ಸರಿಯಾದ ಪ್ರಶ್ನೆಯೇ. ಸಂಗೀತದ ಊರು ಅಂದಾಕ್ಷಣ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಆಲಾಪ ಮಾಡುತ್ತಾ ಕೂತಿರೋದಿಲ್ಲ. ಇಲ್ಲಿ ಮೈಸೂರಿನ ಅರಮನೆಯಂಥ ಒಂದು ದೊಡ್ಡ ಕಟ್ಟಡವೂ ಇಲ್ಲ, ಟಿಕೆಟ್ ತಗೊಂಡು ಒಳಗೆ ಹೋಗಿ, ಫೋಟೋ ಹೊಡೆಸಿಕೊಂಡು, ಆಯ್ತು ಅಂತ ಹೊರಗೆ ಬರೋದಕ್ಕೆ. ಇರೋದು ಮನೆಗಳು. ಹಾಡಿದವರು ಇದ್ದು ಹೋದ ಮನೆಗಳು. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಹೋದರೆ ಅವು ಮನೆಗಳ ಥರವೇ ಸುಮ್ಮನೆ ಇರುತ್ತವೆ. ಅದೇ ಒಂದು ಪುಣ್ಯತಿಥಿಯ ಸಂಜೆಗೆ ಬಂದರೆ ಊರೇ ಬೇರೆ. ಹಂಗಾಗಿ ಈಗ ನಾನು ಲಿಸ್ಟ್ ಕಳಿಸೋದು ಬಿಟ್ಟು ತಾರೀಕು ಕಳಿಸುತ್ತೇನೆ. ಯಾವ ಜಾಗ ಅನ್ನೋದನ್ನ ಆಮೇಲೆ ನೋಡೋಣ, ಮೊದಲು ಯಾವಾಗ ಬರ್ತೀರಿ ಹೇಳಿ.

ತಾರೀಕುಗಳ ವಿಷಯಕ್ಕೆ ಹೋಗೋ ಮುಂಚೆ ಸ್ವಲ್ಪ ಹಿಂದಿನದು ಹೇಳಬೇಕು. ಕನ್ನಡ ಮಾತಾಡೋ ಈ ಊರಿಗೆ ಹಿಂದೂಸ್ತಾನಿ ಸಂಗೀತ ಹೆಂಗೆ ಬಂತು ಅಂತ ದಕ್ಷಿಣದ ಕಡೆಯವರು ತಪ್ಪದೆ ಕೇಳುತ್ತಾರೆ. ಇಲ್ಲಿನ ನೀರು, ಇಲ್ಲಿನ ಗಾಳಿ ಅಂತೆಲ್ಲ ಹೇಳೋರಿದ್ದಾರೆ, ಕೇಳೋಕೆ ಚೆಂದ. ನನಗೆ ರೈಲೇ ಕಾರಣ ಅನ್ನಿಸುತ್ತದೆ. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 19ನೇ ಶತಮಾನ ಮುಗಿಯೋ ಹೊತ್ತಿಗೆ ಪುಣೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಹಾದು ಬೆಂಗಳೂರಿಗೆ ಹಳಿ ಬಿದ್ದಾಗಿತ್ತು. ಆ ಹಳಿಯ ಮೇಲೆ ಮರಾಠಿ ನಾಟಕ ಕಂಪನಿಗಳು ಬಂದವು, ತಿಂಗಳುಗಟ್ಟಲೆ ಇಲ್ಲೇ ಬಿಡಾರ ಹೂಡಿ ಆಡಿದವು. ಆಗಿನ ನಾಟಕ ಅಂದರೆ ಅರ್ಧಕ್ಕಿಂತ ಹೆಚ್ಚು ಹಾಡೇ. ಅದೇ ದಾರಿಯಲ್ಲಿ ಉಸ್ತಾದರು ಮೈಸೂರಿಗೆ ಹೋಗುತ್ತಿದ್ದರು, ನಾಲ್ವಡಿ ಕೃಷ್ಣರಾಜ ಒಡೆಯರ ದರ್ಬಾರಿನಲ್ಲಿ ಹಾಡೋದಕ್ಕೆ. ಹೋಗುವಾಗಲೋ ಬರುವಾಗಲೋ ಹುಬ್ಬಳ್ಳಿ-ಧಾರವಾಡದಲ್ಲಿ ಇಳಿದು ನಾಲ್ಕು ದಿನ ಇರೋದು. ಕೇಳೋ ಕಿವಿಗಳಿದ್ದವು, ಉಳಿಸಿಕೊಳ್ಳೋ ಮನೆಗಳಿದ್ದವು. ಕಿರಾನಾ ಘರಾಣೆಯ (ಘರಾಣೆ ಅಂದರೆ ಹಾಡಿಕೆಯ ಒಂದು ಪರಂಪರೆ) ಅಬ್ದುಲ್ ಕರೀಂ ಖಾನರು ಹಂಗೆ ಬಂದವರು. ಉತ್ತರ ಪ್ರದೇಶದ ಕೈರಾನಾ ಅವರ ಊರು, ಆದರೆ ಅವರ ಗಾಯನ ಬೇರು ಬಿಟ್ಟಿದ್ದು ನಮ್ಮ ಎರೆಮಣ್ಣಿನಲ್ಲಿ. ಸಿತಾರಿನ ರಹಿಮತ್ ಖಾನರು ಬಂದು ಧಾರವಾಡದಲ್ಲೇ ನೆಲೆ ನಿಂತರು, ಅವರ ಮನೆತನ ತಲೆಮಾರುಗಳಿಂದ ಇಲ್ಲೇ ಸಿತಾರ್ ನುಡಿಸಿಕೊಂಡು ಬಂದಿದೆ.

ನನ್ನ ಕೇಳಿದರೆ ಹುಬ್ಬಳ್ಳಿ ಸ್ಟೇಷನ್ನನ್ನೂ ಸಂಗೀತದ ಜಾಗಗಳಲ್ಲಿ ಸೇರಿಸಬೇಕು. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದವಾದದ್ದು ಅಂತ ಜನ ಸೆಲ್ಫಿ ತಗೊಳ್ಳುತ್ತಾರೆ. ತಗೊಳ್ಳಲಿ. ಆದರೆ ಇದೇ ಸ್ಟೇಷನ್ನಿನಿಂದ ಗಂಗೂಬಾಯಿ ಹಾನಗಲ್ಲರು ಕುಂದಗೋಳದ ರೈಲು ಹತ್ತುತ್ತಿದ್ದರು. ಗುರು ಸವಾಯಿ ಗಂಧರ್ವರ ಮನೆಗೆ ಹೋಗಿ, ಪಾಠ ಹೇಳಿಸಿಕೊಂಡು, ಮತ್ತೆ ರೈಲು ಹಿಡಿದು ಮನೆಗೆ. ವರ್ಷಗಟ್ಟಲೆ. ಆಗಲೇ ಕಚೇರಿ ಮಾಡುತ್ತಿದ್ದ, ಮಕ್ಕಳ ತಾಯಿಯಾಗಿದ್ದ ಹೆಂಗಸು.

ಗಂಗೂಬಾಯಿಯವರ ವಿಷಯದಲ್ಲಿ ನೋಡೋಕೆ ಎರಡು ಮನೆ ಇವೆ, ಎರಡರ ಕಥೆಯೂ ಬೇರೆ ಬೇರೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರೋದು ‘ಗಂಗಾಲಹರಿ’, ಅವರು ಬದುಕಿದ ಮನೆ. ಮನೆಯವರೇ ಅದನ್ನ ಸಂಗ್ರಹಾಲಯ ಮಾಡಿದ್ದಾರೆ, ವಾದ್ಯಗಳು, ಸಂಗೀತಗಾರರ ಫೋಟೋಗಳು. ಇನ್ನೊಂದು ಧಾರವಾಡದ ಶುಕ್ರವಾರಪೇಟೆಯಲ್ಲಿ, 1913ರ ಮಾರ್ಚ್ 5ರಂದು ಅವರು ಹುಟ್ಟಿದ ಮನೆ. ಅದನ್ನು ದುರಸ್ತಿ ಮಾಡಿ ಸ್ಮಾರಕ ಮಾಡಿದರು, ಆಮೇಲೆ ನೋಡಿಕೊಳ್ಳೋರಿಲ್ಲದೆ ಅದು ಮತ್ತೆ ಹಾಳಾಯಿತು. ಮಾಡು ಕುಸಿದ ಫೋಟೋ ಪೇಪರಿನಲ್ಲಿ ಬಂದಾಗ ಊರವರು ಒಂದು ವಾರ ಬೈದುಕೊಂಡು ಓಡಾಡಿದರು, ಅಷ್ಟೇ.

ಆದರೂ ಆ ಓಣಿಗೆ ನಾನು ಜನರನ್ನ ಕರೆದುಕೊಂಡು ಹೋಗುತ್ತೇನೆ. ಮನೆ ನೋಡೋಕಲ್ಲ, ಓಣಿ ನೋಡೋಕೆ. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಅವರ ಹಾಡು ಕೇಳೋಕೆ ಅಬ್ದುಲ್ ಕರೀಂ ಖಾನರೇ ಬಂದು ಕೂರುತ್ತಿದ್ದರಂತೆ. ಮಗಳು ಹಿಂದೂಸ್ತಾನಿ ಕಲಿಯೋಕೆ ಶುರು ಮಾಡಿದ ಮೇಲೆ, ತನ್ನ ಪದ್ಧತಿಯ ನೆರಳು ಅವಳ ದನಿ ಮೇಲೆ ಬೀಳಬಾರದು ಅಂತ ಆ ತಾಯಿ ತನ್ನ ಹಾಡನ್ನೇ ಬಿಟ್ಟಳು. ನನಗೆ ಇದಕ್ಕಿಂತ ದೊಡ್ಡ ತ್ಯಾಗದ ಕಥೆ ಸಂಗೀತದ ಲೋಕದಲ್ಲಿ ಗೊತ್ತಿಲ್ಲ, ಅದೂ ಯಾವ ಫಲಕದ ಮೇಲೂ ಕಾಣದ ಕಥೆ. ಇದೇ ಪೇಟೆಯಲ್ಲಿ, ಹಾಡೋರ ಮಗಳು ಅನ್ನೋ ಕಾರಣಕ್ಕೆ ಆ ಹುಡುಗಿಯನ್ನ ಅಕ್ಕಪಕ್ಕದವರು ದೂರ ಇಟ್ಟಿದ್ದರು. ಪಕ್ಕದವರ ಹಿತ್ತಲಿಗೆ ಮಾವಿನಹಣ್ಣಿಗೆ ಹೋದಾಗ ಬೈಸಿಕೊಂಡಿದ್ದನ್ನ ದೊಡ್ಡವರಾದ ಮೇಲೆ ಅವರೇ ನೆನಪು ಮಾಡಿಕೊಂಡಿದ್ದಾರೆ. ಪದ್ಮವಿಭೂಷಣ ಬಂದಿದ್ದು 2002ರಲ್ಲಿ. ಇವೆಲ್ಲ ಗೊತ್ತಿದ್ದು ಆ ಓಣಿಯಲ್ಲಿ ಹತ್ತು ನಿಮಿಷ ನಡೆದರೆ ಸಾಕು, ಸ್ಮಾರಕ ತೆರೆದಿದೆಯೋ ಮುಚ್ಚಿದೆಯೋ ಅನ್ನೋ ಚಿಂತೆ ಬೇಡ.

ಮನಸೂರರ ಮನೆಗೆ ‘ಮೃತ್ಯುಂಜಯ’ ಅಂತ ಹೆಸರು. ಈಗ ಸ್ಮಾರಕ. ಆಟೋದವರಿಗೆ ಹೇಳುವಾಗ ಸ್ವಲ್ಪ ಬಿಡಿಸಿ ಹೇಳಿ. ಒಮ್ಮೆ ನಾನು ಬರೀ ಮ್ಯೂಸಿಯಂ ಅಂದಿದ್ದಕ್ಕೆ, "ಯಾವ ಮ್ಯೂಜಿಯಂ ರೀ ಸರ? ಹಾಡೋ ಅಜ್ಜಾರ ಮನೀನೋ, ಯುನಿವರ್ಸಿಟಿದೋ?" ಅಂತ ಆಟೋದವನು ಕೇಳಿದ. ಹಾಡೋ ಅಜ್ಜಾರ ಮನೀನೇ ಅಂದೆ. "ಹಂಗಂದ್ರ ಕುಂದರ್ರಿ" ಅಂದ.

ಮನಸೂರು ಅನ್ನೋ ಹಳ್ಳಿ ಧಾರವಾಡದ ಮಗ್ಗುಲಲ್ಲೇ ಇದೆ. ಅಲ್ಲಿನ ರೈತರ ಮನೆಯ ಹುಡುಗ ನಾಟಕ ಕಂಪನಿ ಸೇರಿ, ಅಲ್ಲಿಂದ ಮಿರಜಿನ ನೀಲಕಂಠ ಬುವಾ ಹತ್ತಿರ ಗ್ವಾಲಿಯರ್ ಶೈಲಿಯ ಹಾಡಿಕೆ ಕಲಿತು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಕೈಯಲ್ಲಿ ಜೈಪುರ ಘರಾಣೆಯವರಾದರು. ಹೊರಗಿನವರು ಇಲ್ಲೊಂದು ವಿಷಯ ಗಮನಿಸಬೇಕು. ಧಾರವಾಡ ಘರಾಣೆ ಅಂತ ಒಂದಿಲ್ಲ. ಗಂಗೂಬಾಯಿ, ಭೀಮಸೇನ ಜೋಶಿ ಕಿರಾನಾ. ಮನಸೂರರು ಜೈಪುರ-ಅತ್ರೌಲಿ. ಬಸವರಾಜ ರಾಜಗುರುಗಳು ಒಂದಕ್ಕೆ ಸಾಲದೆ ಹಲವು ಕಡೆ ಕಲಿತು ತಮ್ಮದೇ ಮಾಡಿಕೊಂಡವರು. ಬೆಳಗಾವಿ ಕಡೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಂತೂ ಯಾವ ಘರಾಣೆಯ ಲೆಕ್ಕಕ್ಕೂ ಸಿಗದೆ ಮಧ್ಯಪ್ರದೇಶದ ದೇವಾಸಿಗೆ ಹೋಗಿ ನೆಲೆಸಿದರು. ಇಷ್ಟು ಬೇರೆ ಬೇರೆ ದನಿಗಳು ಇಷ್ಟು ಸಣ್ಣ ಜಾಗದಲ್ಲಿ, ಹೆಚ್ಚುಕಮ್ಮಿ ಒಂದೇ ತಲೆಮಾರಿನಲ್ಲಿ.

ಇಂಥ ಸ್ಮಾರಕದ ಮನೆಗಳ ಬಗ್ಗೆ ನನ್ನದೊಂದು ತಕರಾರಿದೆ. ಎಲ್ಲಿ ಹೋದರೂ ಅದೇ ವ್ಯವಸ್ಥೆ. ತಂಬೂರಿ, ಶಾಲು, ಪ್ರಶಸ್ತಿ, ರಾಷ್ಟ್ರಪತಿಗಳ ಜೊತೆಗಿನ ಫೋಟೋ. ಮನಸೂರರ ಹಾಡು ಒಮ್ಮೆಯೂ ಕೇಳದ ಹುಡುಗ ಒಳಗೆ ಬಂದರೆ ಅವನಿಗೆ ಏನು ಗೊತ್ತಾಗಬೇಕು? ಬಹುಮಾನ ಬಂದಿತ್ತು ಅಂತ ಗೊತ್ತಾಗುತ್ತದೆ. ಅವರು ಹಾಡೋಕೆ ಕೂತರೆ ಪೀಠಿಕೆ ಕಡಿಮೆ, ಆಲಾಪ ಅಂತ ಅರ್ಧ ಗಂಟೆ ಕೂರಿಸುತ್ತಿರಲಿಲ್ಲ, ಬೇಗನೆ ಚೀಜಿಗೆ, ಅಂದರೆ ಹಾಡಿಗೇ ಬಂದು, ತಬಲಾ ಹಿಡಿದುಕೊಂಡು, ಒಂದೇ ಉಸಿರಿನಲ್ಲಿ ಎಲ್ಲಿಂದ ಎಲ್ಲಿಗೋ ಹೋಗಿ ತಾಳದ ಮೊದಲ ಪೆಟ್ಟಾದ ಸಮ್‌ಗೆ ಸರಿಯಾಗಿ ಬಂದು ಬೀಳುತ್ತಿದ್ದರು, ಕೇಳುವವರಿಗೆ ಉಸಿರು ಕಟ್ಟುತ್ತಿತ್ತು ಹೊರತು ಅವರಿಗಲ್ಲ. ಯಾರೂ ಮುಟ್ಟದ ರಾಗಗಳನ್ನ ಹುಡುಕಿ ಹಾಡಿದರು, ವಚನಗಳನ್ನ ಹಿಂದೂಸ್ತಾನಿ ರಾಗಗಳಲ್ಲಿ ಕೂರಿಸಿದರು. ಇದನ್ನ ಶಾಲು ಹೇಳುತ್ತದೆಯೇ?

ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿ 8ಕ್ಕೆ. ಈ ಊರಿನ ಗಾಯಕರು ಅಲ್ಲಿ ಹಾಡಿದವರು, ಮನಸೂರರು ಅಲ್ಲಿ ಸಂಗೀತ ಸಲಹೆಗಾರರೂ ಆಗಿದ್ದರು. ಅಂಥ ಹಾಡುಗಳನ್ನ ಈ ಸ್ಮಾರಕದ ಮನೆಗಳಲ್ಲೇ ಕೇಳಿಸಬಹುದಲ್ಲ? ಒಂದು ಸ್ಪೀಕರು, ನಾಲ್ಕು ಕುರ್ಚಿ, ಬೆಳಗಿನ ರಾಗ ಬೆಳಿಗ್ಗೆ, ಸಂಜೆಯದು ಸಂಜೆ. ದಿನಕ್ಕೆ ಒಂದು ತಾಸು ಹಚ್ಚಿದರೂ ಸಾಕು. ಹೊಸ ಕಟ್ಟಡ ಬೇಡ, ಅಡಿಗಲ್ಲು ಬೇಡ. ಅಡಿಗಲ್ಲು ಇಲ್ಲ ಅನ್ನೋದಕ್ಕೇ ಇದು ಯಾರ ತಲೆಗೂ ಹೋಗುತ್ತಿಲ್ಲವೇನೋ. ಅಲ್ಲಿವರೆಗೆ, ಬರೋರು ಫೋನಿನಲ್ಲಿ ಒಂದಿಷ್ಟು ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಮನೆ ನೋಡೋ ಮುಂಚೆ ಹೊರಗೆ ಕೂತು ಒಂದು ರಾಗ ಪೂರ್ತಿ ಕೇಳಿ, ಆಮೇಲೆ ಒಳಗೆ ಹೋಗಿ. ಅದೇ ತಂಬೂರಿ ಬೇರೆ ಥರ ಕಾಣುತ್ತದೆ.

ತಂಬೂರಿ ಅಂದಾಗ ನೆನಪಾಯಿತು. ಇಲ್ಲಿನ ತಂಬೂರಿ, ಸಿತಾರುಗಳ ತವರು ಮಿರಜ. ಮಹಾರಾಷ್ಟ್ರಕ್ಕೆ ಸೇರಿದ ಊರು, ಆದರೆ ಧಾರವಾಡದ ಹಾಡೋರಿಗೆ ನೆರೆಮನೆ ಇದ್ದಂಗೆ. ಹಿಂದೆ ಆಯುಧ ಮಾಡುತ್ತಿದ್ದ ಮನೆತನಗಳು ಅಲ್ಲಿ ವಾದ್ಯ ಮಾಡೋಕೆ ಶುರು ಮಾಡಿದ್ದು. ಒಂದು ದಿನ ಜಾಸ್ತಿ ಇದ್ದರೆ ಬೆಳಗಾವಿ ಮೇಲಿನ ರೈಲಿನಲ್ಲಿ ಹೋಗಿಬನ್ನಿ. ಒಣಗಿದ ದೊಡ್ಡ ಸೋರೆ ಬುರುಡೆಗಳನ್ನ ಮಾಡಿಗೆ ತೂಗುಹಾಕಿರುತ್ತಾರೆ, ಕೆಳಗೆ ಒಬ್ಬರು ಕೂತು ವಾದ್ಯದ ಕುದುರೆಯ (ತಂತಿಗಳನ್ನ ಹೊರುವ ಪಟ್ಟಿ) ಮೇಲೆ ಕಾನಸು (ಅರ) ಆಡಿಸುತ್ತಾ, ತಂತಿ ಮೀಟಿ ಕೇಳಿ, ಮತ್ತೆ ಒಂದು ಕೂದಲೆಳೆಯಷ್ಟು ಉಜ್ಜಿ, ಮತ್ತೆ ಕೇಳುತ್ತಾ ಇರುತ್ತಾರೆ. ಮಾತಾಡಿಸಬೇಡಿ, ನಿಂತು ನೋಡಿ. ಅಬ್ದುಲ್ ಕರೀಂ ಖಾನರ ಸಮಾಧಿಯೂ ಮಿರಜಿನ ದರ್ಗಾದಲ್ಲೇ ಇದೆ.

ಈಗ ತಾರೀಕುಗಳಿಗೆ ಬರೋಣ. ಬರೆದಿಟ್ಟುಕೊಳ್ಳಿ. ಜನವರಿ 24 ಭೀಮಸೇನ ಜೋಶಿಯವರು ತೀರಿಕೊಂಡ ದಿನ, ಫೆಬ್ರವರಿ 4 ಹುಟ್ಟಿದ ದಿನ. ಮಾರ್ಚ್ 5 ಮತ್ತು ಜುಲೈ 21 ಗಂಗೂಬಾಯಿಯವರದು. ಸೆಪ್ಟೆಂಬರ್ 12 ವಿಚಿತ್ರ ದಿನ, 1952ರಲ್ಲಿ ಸವಾಯಿ ಗಂಧರ್ವರು, 1992ರಲ್ಲಿ ಮನಸೂರರು, ಇಬ್ಬರೂ ಹೋಗಿದ್ದು ಅದೇ ತಾರೀಕಿಗೆ. ಡಿಸೆಂಬರ್ 31 ಮನಸೂರರ ಹುಟ್ಟುಹಬ್ಬ, ಬೇರೆ ಊರವರು ಡಿಜೆ ಹಾಕೋ ರಾತ್ರಿ. ಇವುಗಳ ಆಸುಪಾಸು ಎಲ್ಲಾದರೂ ಒಂದು ಕಡೆ ಕಚೇರಿ ಇರುತ್ತದೆ. ಗುರುಪೂರ್ಣಿಮೆಗೆ ಸಣ್ಣ ಸಣ್ಣ ಸಂಗೀತ ಪಾಠದ ಮನೆಗಳಲ್ಲೂ ಹಾಡು ಇರುತ್ತದೆ, ನನಗೆ ಅದು ಇನ್ನೂ ಇಷ್ಟ. ಏಳನೇ ಕ್ಲಾಸಿನ ಹುಡುಗಿ ಭೂಪಾಲಿ ರಾಗ ಹಾಡಿ, ತಾನು ತಪ್ಪಿದ ಕಡೆ ತಾನೇ ನಾಲಿಗೆ ಕಚ್ಚಿಕೊಳ್ಳುತ್ತಾಳೆ, ಅಜ್ಜಂದಿರು "ಇರ್ಲಿ ಬಿಡವಾ, ಮುಂದ ಹಾಡು" ಅನ್ನುತ್ತಾರೆ. ಹೆಚ್ಚಿನ ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ. ಪ್ರಚಾರವೂ ಅಷ್ಟಕ್ಕಷ್ಟೇ. ಸ್ಥಳೀಯ ಪೇಪರಿನ ‘ಇಂದಿನ ಕಾರ್ಯಕ್ರಮ’ ನೋಡಬೇಕು, ಇಲ್ಲವೇ ಯಾರಾದರೂ ಹೇಳಬೇಕು.

ಈ ಎಲ್ಲದರಲ್ಲಿ ಒಂದೇ ಒಂದು ಆರಿಸು ಅಂದರೆ ಕುಂದಗೋಳ ಅನ್ನುತ್ತೇನೆ. ಹುಬ್ಬಳ್ಳಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್, ಹತ್ತಿ ಮೆಣಸಿನಕಾಯಿ ಹೊಲಗಳ ನಡುವಿನ ಊರು. ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಚಾಲುಕ್ಯರ ಕಾಲದ ಶಂಭುಲಿಂಗನ ಗುಡಿಯಿದೆ, ಅದೂ ನೋಡುವಂಥದ್ದೇ. ಆದರೆ ಹೋಗಬೇಕಾದದ್ದು ನಾಡಿಗೇರ ವಾಡೆಗೆ. ಅಬ್ದುಲ್ ಕರೀಂ ಖಾನರು ಬಂದು ಉಳಿಯುತ್ತಿದ್ದ ಮನೆ. ಅವರ ಹತ್ತಿರ ಕಲಿತ ಈ ಊರಿನ ರಾಮಭಾವು, ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ ಹೆಸರು ಗಳಿಸಿ ಸವಾಯಿ ಗಂಧರ್ವ ಆದರು. ಅವರ ಕೈಯಲ್ಲಿ ಗಂಗೂಬಾಯಿ, ಭೀಮಸೇನರು, ಫಿರೋಜ್ ದಸ್ತೂರರು ತಯಾರಾದರು. ಭೀಮಸೇನರು ಇಲ್ಲಿ ಗುರುಗಳ ಮನೆಯಲ್ಲೇ ಇದ್ದು, ನೀರು ಹೊತ್ತು, ಮನೆಗೆಲಸ ಮಾಡಿ ಕಲಿತವರು. ಮುಂದೆ 1953ರಲ್ಲಿ ಅವರು ಗುರುವಿನ ಹೆಸರಿನಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವ ದೇಶಕ್ಕೆಲ್ಲ ಗೊತ್ತು. ಗುರುವಿನ ಊರಲ್ಲಿ ಅವರ ನೆನಪಿಗೆ ನಡೆಯೋ ಸಂಗೀತ ಕನ್ನಡಿಗರಿಗೇ ಅಷ್ಟು ಗೊತ್ತಿಲ್ಲ.

ವಾಡೆಯಲ್ಲಿ ಅಹೋರಾತ್ರಿ ಹಾಡು ನಡೆಯುವಾಗ ಬನ್ನಿ. ಎಲ್ಲರೂ ನೆಲದ ಮೇಲೆ, ಜಮಖಾನೆ ಹಾಸಿ. ಹಾಡೋರಿಗೂ ಕೇಳೋರಿಗೂ ನಡುವೆ ಎರಡು ಮಾರು ದೂರ. ಪಟಕಾ ಸುತ್ತಿದ ರೈತರು, ಬ್ಯಾಂಕಿನ ರಿಟೈರ್ಡ್ ಮ್ಯಾನೇಜರು, ಹುಬ್ಬಳ್ಳಿಯ ಕಾಲೇಜು ಹುಡುಗರು ಎಲ್ಲ ಒತ್ತಿಕೊಂಡು ಕೂತಿರುತ್ತಾರೆ. ಒಂದು ಸಲ ನಡುರಾತ್ರಿ ದಾಟಿತ್ತು, ನಿಧಾನಗತಿಯ ವಿಲಂಬಿತ ಏಕತಾಳ ನಡೆದಿತ್ತು. ಚಹಾ ಹಿಡಿದುಕೊಂಡು ಬಂದ ಹುಡುಗ, ಹತ್ತು-ಹನ್ನೆರಡು ವರ್ಷದವನಿರಬೇಕು, ನನ್ನ ಮುಂದಿನ ಸಾಲಿನ ತುದಿಗೆ ಬಂದು ಹಂಗೇ ನಿಂತುಬಿಟ್ಟ. ಯಾಕೆ ಕೊಡುತ್ತಿಲ್ಲ ಅಂತ ನೋಡಿದೆ. ಹುಡುಗನ ಬಲಗಾಲಿನ ಹೆಬ್ಬೆರಳು ತಾಳದ ಮಾತ್ರೆ ಎಣಿಸುತ್ತಿತ್ತು. ಸಮ್ ಬಂತು, ಜನ ವ್ಹಾ ಅಂದರು, ಆಗ ಬಗ್ಗಿ ಕಪ್ಪುಗಳನ್ನ ಹಂಚೋಕೆ ಶುರು ಮಾಡಿದ. ತಾಳದ ಮುಂದಿನ ಸುತ್ತಿನ ನಡುವೆ ಒಬ್ಬರು "ಏ ತಮ್ಮಾ, ಸಕ್ರಿ ಕಡಿಮಿದು ಐತೇನೋ?" ಅಂತ ಕೇಳಿದರು. ತುಟಿ ಮೇಲೆ ಬೆರಳಿಟ್ಟು ಅವರನ್ನ ಸುಮ್ಮನಾಗಿಸಿದ.

ಹಂಗಂತ ಎಲ್ಲ ಕಚೇರಿಗಳೂ ಹಿಂಗೇ ಅಂದುಕೊಂಡು ಬರಬೇಡಿ. ಕೆಲವು ಕಡೆ ಉದ್ಘಾಟನೆ ಭಾಷಣವೇ ಎರಡು ತಾಸು, ಸನ್ಮಾನ ಒಂದು ತಾಸು, ಹಾಡೋರಿಗೆ ಉಳಿಯೋದು ನಲವತ್ತು ನಿಮಿಷ. ವೇದಿಕೆ ಮೇಲಿನ ಗಣ್ಯರು ಹಾರ ಹಾಕಿಸಿಕೊಂಡು ಮೊದಲ ಖ್ಯಾಲ್ ಮುಗಿಯೋದರೊಳಗೆ ಎದ್ದು ಹೋಗುತ್ತಾರೆ. ಧಾರವಾಡದವರಿಗೆ ಇದು ಅಭ್ಯಾಸ ಆಗಿದೆ, ಆರು ಗಂಟೆ ಅಂತ ಬರೆದಿದ್ದರೆ ಏಳೂವರೆಗೆ ಬರುತ್ತಾರೆ. ನೀವೂ ಹಂಗೇ ಮಾಡಿ.

ಗದಗನ್ನು ಬೇರೆ ಊರು ಅಂತ ಬಿಡಬೇಡಿ. ಹುಬ್ಬಳ್ಳಿಯಿಂದ ಬಸ್ಸೂ ಇದೆ, ರೈಲೂ ಇದೆ. ಭೀಮಸೇನರ ಬಾಲ್ಯ ಕಳೆದ ಊರು ಅದು. ಹಾದಿಯಲ್ಲಿ ಭಜನೆ, ಬ್ಯಾಂಡು ಏನು ಹೋದರೂ ಹಿಂದೆ ಹೋಗಿ, ಸುಸ್ತಾದಲ್ಲಿ ಮಲಗಿಬಿಡುತ್ತಿದ್ದ ಹುಡುಗ. ಹುಡುಕಿ ಹುಡುಕಿ ಸಾಕಾದ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಅಂತ ಬರೆಸಿದ್ದರಂತೆ, ಸಿಕ್ಕವರು ಮನೆಗೆ ತಂದು ಬಿಡಲಿ ಅಂತ. ಹನ್ನೊಂದನೇ ವಯಸ್ಸಿಗೆ ಹುಡುಗ ಗುರುವನ್ನ ಹುಡುಕಿಕೊಂಡು ಮನೆಯನ್ನೇ ಬಿಟ್ಟು ಹೋದ, ಅಂಗಿ ಬರಹ ಏನೂ ಮಾಡಲಿಲ್ಲ.

ಗದಗಿನಲ್ಲಿ ನೋಡಬೇಕಾದದ್ದು ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. 1944ರಲ್ಲಿ ಅವರು ಹೋದ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು, ಅವರೂ ಕುರುಡರೇ, 2010ರವರೆಗೆ ನಡೆಸಿದರು. ಖರ್ಚಿಗೆ ನಾಟಕ ಕಂಪನಿ ಕಟ್ಟಿದರು, ಊರೂರು ತಿರುಗಿದರು. ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ, ವಸತಿ, ಸಂಗೀತ, ಎಲ್ಲ ಉಚಿತ. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಇವತ್ತಿನ ವೆಂಕಟೇಶ ಕುಮಾರರು ಪುಟ್ಟರಾಜರ ಹತ್ತಿರ ಇಲ್ಲಿ ವರ್ಷಗಟ್ಟಲೆ ಇದ್ದು ಕಲಿತವರು. ಇಲ್ಲಿಗೆ ಬರೋಕೆ ಮಾತ್ರ ತಾರೀಕು ಬೇಕಿಲ್ಲ. ಯಾವ ದಿನ ಹೋದರೂ ಒಂದು ಕೋಣೆಯಲ್ಲಿ ಹಾರ್ಮೋನಿಯಂ, ಇನ್ನೊಂದರಲ್ಲಿ ತಬಲಾ, ಮೆಟ್ಟಿಲ ಮೇಲೆ ಯಾರೋ ಒಬ್ಬ ತನ್ನಷ್ಟಕ್ಕೆ ತಾನು ಪಲಟಾ (ಸ್ವರಗಳ ಅಭ್ಯಾಸ) ತಿದ್ದಿಕೊಳ್ಳುತ್ತಾ ಇರುತ್ತಾನೆ. ಪ್ರವಾಸಿಗರ ಥರ ಮಕ್ಕಳ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ, ದಯವಿಟ್ಟು. ಗದ್ದುಗೆಗೆ ನಮಸ್ಕಾರ ಮಾಡಿ, ಪ್ರಸಾದಕ್ಕೆ ಕೂರಿ, ಕೈಲಾದದ್ದು ದಾಸೋಹಕ್ಕೆ ಕೊಟ್ಟು ಬನ್ನಿ.

ಉಳಿದದ್ದು ಸಣ್ಣಪುಟ್ಟದ್ದು. ಹುಬ್ಬಳ್ಳಿ-ಧಾರವಾಡದ ನಡುವೆ ಟ್ಯಾಕ್ಸಿ ಮಾಡಬೇಡಿ, ತನ್ನದೇ ಪ್ರತ್ಯೇಕ ದಾರಿಯಲ್ಲಿ ಓಡೋ ಚಿಗರಿ ಬಸ್ಸೇ ಬೇಗ ಹೋಗುತ್ತದೆ. ಉಣಕಲ್ಲಿನಲ್ಲಿ ಇಳಿದರೆ ಚಂದ್ರಮೌಳೇಶ್ವರ ಗುಡಿ, ಅಲ್ಲೇ ಹತ್ತಿರದಲ್ಲಿ ಗಂಗೂಬಾಯಿಯವರ ಹೆಸರಿನ ಗುರುಕುಲ, ಮಕ್ಕಳು ಗುರುಗಳ ಜೊತೆಗೇ ಇದ್ದು ಕಲಿಯೋ ಜಾಗ. ಅಲ್ಲಿಗೆ ಮೊದಲೇ ಕೇಳಿಕೊಂಡು ಹೋಗಿ, ಪಾಠದ ಹೊತ್ತಿಗೆ ನುಗ್ಗಬೇಡಿ. ಲೈನ್ ಬಜಾರಿನ ಠಾಕೂರರ ಪೇಡಾ ಬೇಕಿದ್ದರೆ ಬೆಳಿಗ್ಗೆಯೇ ಸಾಲಿಗೆ ನಿಲ್ಲಿ, ಖಾಲಿಯಾದರೆ ಆಯ್ತು, ನಿಮ್ಮ ರೈಲಿಗೆ ಅಂತ ಯಾರೂ ಎತ್ತಿಡೋದಿಲ್ಲ. ಅಹೋರಾತ್ರಿಗೆ ಬರೋರು ಒಂದು ಶಾಲು, ಒಂದು ಸಣ್ಣ ದಿಂಬು ತನ್ನಿ. ಜಾಗ ಸಿಕ್ಕರೆ ಕಂಬಕ್ಕೆ ಒರಗಿ ಕೂರಿ. ಆದರೆ ಕಂಬದ ಜಾಗಗಳೆಲ್ಲ ಸಾಮಾನ್ಯವಾಗಿ ಹಿರಿಯರವು, ಅವರು ಊಟ ಮುಗಿಸಿ ಬಂದು "ಸ್ವಲ್ಪ ಸರೀರಿ" ಅಂದರೆ ಮಾತಾಡದೆ ಸರಿಯಬೇಕು.